ನಾಲ್ಕು ವರ್ಷ, 62 ಸಾವಿರ ಕಿಲೋಮೀಟರ್: ಅಮ್ಮನಿಗೆ ಒಗ್ಗಿದ ಸೀಟು, ದಾರಿಗೆ ಒಗ್ಗದ ಎಂಜಿನ್

ದೂರದಾರಿ (ಚರ್ಚೆ ಆರಂಭಿಸಿದವರು)

ನಮ್ಮ ಮನೆಯ ಕಾಂಪ್ಯಾಕ್ಟ್ ಎಸ್‌ಯುವಿಗೆ ಈ ತಿಂಗಳು ನಾಲ್ಕು ವರ್ಷ ತುಂಬಿತು. ಓಡಿರುವುದು 62,000 ಕಿಲೋಮೀಟರ್. ಒಂದೂವರೆ ಲೀಟರಿನ ಡೀಸೆಲ್ ಎಂಜಿನ್, ಆರು ಗೇರಿನ ಆಟೋಮ್ಯಾಟಿಕ್, ಎಳೆತ ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಉದ್ದ 4.3 ಮೀಟರ್, ಗ್ರೌಂಡ್ ಕ್ಲಿಯರೆನ್ಸ್ 190 ಮಿಲಿಮೀಟರ್. ಕಂಪನಿಯ ಹೆಸರು ಬರೆಯುತ್ತಿಲ್ಲ. ಹೆಸರು ಬಂದ ಕೂಡಲೇ ಮಾತು ಆ ಕಂಪನಿಯ ಪರ, ವಿರೋಧಕ್ಕೆ ಹೊರಳುತ್ತದೆ. ನನಗೆ ಬಂದಿರುವ ತೊಂದರೆ ಯಾವ ಕಂಪನಿಯ ಡೀಸೆಲ್ ಗಾಡಿಗೂ ಬರಬಹುದಾದದ್ದು.

ಕೊಂಡದ್ದು ಅಮ್ಮನಿಗಾಗಿ. ಅವರ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಹಳೆಯ ಸೆಡಾನಿನಲ್ಲಿ ಕೂರುವುದೆಂದರೆ ಅವರಿಗೆ ಬಾವಿಗೆ ಇಳಿದಂತೆ ಆಗುತ್ತಿತ್ತು. ಒಂದು ಕೈ ಬಾಗಿಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಮೊಣಕಾಲು ಮಡಚಿದಷ್ಟು ಮಡಚಿ, ಕೊನೆಯ ಒಂದು ಗೇಣು ಧೊಪ್ಪನೆ ಬೀಳುವುದೇ. ಇಳಿಯುವಾಗ ನಾನು ಎರಡೂ ಕೈ ಹಿಡಿದು ಎಬ್ಬಿಸಬೇಕಿತ್ತು. ಆ ಹೊತ್ತಿನಲ್ಲಿ ಅವರು ನನ್ನ ಮುಖ ನೋಡುತ್ತಿರಲಿಲ್ಲ.

ಆದ್ದರಿಂದ ಶೋರೂಮಿಗೆ ಹೋದಾಗ ಟೇಪು ಹಿಡಿದು ಹೋಗಿದ್ದೆ. ನಮ್ಮ ಸೆಡಾನಿನ ಸೀಟು ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿತ್ತು. ದೊಡ್ಡ ಎಸ್‌ಯುವಿ ಒಂದನ್ನು ಅಳೆದರೆ 80ರ ಹತ್ತಿರ. ಅದಕ್ಕೆ ಅಮ್ಮ ಹತ್ತಬೇಕು, ಹತ್ತುವುದು ಇಳಿಯುವುದಕ್ಕಿಂತ ಕಷ್ಟ. ಈ ಗಾಡಿಯದು 64. ಅಮ್ಮ ಕುರ್ಚಿಯಲ್ಲಿ ಕೂರುವಂತೆ ಹೊರಮುಖವಾಗಿ ಕುಳಿತರು, ಮೇಲಿನ ಹಿಡಿಕೆಗೆ ಕೈ ಹಾಕಿದರು, ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಂಡರು. ನನ್ನ ಹೆಗಲು ಬೇಕಾಗಲಿಲ್ಲ. ಮೈಲೇಜ್, ಸನ್‌ರೂಫ್, ಪರದೆಯ ಗಾತ್ರ ಯಾವುದನ್ನೂ ನಾನು ಮತ್ತೆ ಕೇಳಲಿಲ್ಲ. ಆ 14 ಸೆಂಟಿಮೀಟರಿಗಾಗಿ ಗಾಡಿ ಕೊಂಡೆ, ಅದರ ಬಗ್ಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಮೊದಲ ಎರಡೂವರೆ ವರ್ಷ ಕೆಲಸಕ್ಕೆ ದಿನಕ್ಕೆ ಹೋಗಿಬರುವುದು 70 ಕಿಲೋಮೀಟರ್, ಬಹುಪಾಲು ಹೆದ್ದಾರಿ. ಆ ಅವಧಿಯ 45 ಸಾವಿರ ಕಿಲೋಮೀಟರಿನಲ್ಲಿ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬಿಟ್ಟರೆ ಏನನ್ನೂ ಬದಲಿಸಲಿಲ್ಲ. 80ರ ವೇಗದಲ್ಲಿ ಲೀಟರಿಗೆ 22, 110ಕ್ಕೆ ಏರಿಸಿದರೆ 16. ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಇದ್ದರೂ ರಸ್ತೆ ಉಬ್ಬುಗಳಿಗೆ ಹೊಟ್ಟೆ ಉಜ್ಜಿದ್ದು ಒಮ್ಮೆ ಮಾತ್ರ. ಆಮೇಲೆ ಕೆಲಸ ಬದಲಾಯಿತು. ಕಚೇರಿ ಈಗ ಮನೆಯಿಂದ ಐದು ಕಿಲೋಮೀಟರ್. ಬೆಳಿಗ್ಗೆ ಐದು, ಸಂಜೆ ಐದು, ಮಧ್ಯೆ ಎಲ್ಲೆಲ್ಲೂ ಸಿಗ್ನಲ್. ಗಾಡಿ ಅದೇ, ದಾರಿ ಬೇರೆ.

ಆರು ತಿಂಗಳ ಹಿಂದೆ ಶುರುವಾಯಿತು. ಮನೆಗೆ ಬಂದು ಎಂಜಿನ್ ಆರಿಸಿದ ಮೇಲೂ ಬಾನೆಟ್ಟಿನೊಳಗೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಸುಟ್ಟ ಕಬ್ಬಿಣದಂಥ ವಾಸನೆ. ಸಿಗ್ನಲ್‌ನಲ್ಲಿ ನಿಂತಾಗ ನಿಮಿಷಕ್ಕೆ 800 ಸುತ್ತುಗಳ ಆಸುಪಾಸು ಇರಬೇಕಾದ ಎಂಜಿನ್ ವೇಗ ಸಾವಿರಕ್ಕೆ ಏರಿರುತ್ತಿತ್ತು. ಆಮೇಲೆ ಮೀಟರಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹತ್ತಿತು. ಸರ್ವೀಸ್ ಸೆಂಟರಿನವರು ಸೆನ್ಸರ್ ಹಾಳಾಗಿದೆ ಎಂದು ಒಂದನ್ನು ಬದಲಿಸಿ, ದೀಪ ಆರಿಸಿ ಕಳಿಸಿದರು. ಮೂರು ವಾರಕ್ಕೆ ಮತ್ತೆ ಬಂತು. ಕಳೆದ ಭಾನುವಾರ ಅಮ್ಮನನ್ನು ಕರೆದುಕೊಂಡು ಬರುವಾಗ, ಏರು ರಸ್ತೆಯ ಅರ್ಧದಲ್ಲಿ ಗಾಡಿಯ ಶಕ್ತಿ ಸತ್ತುಹೋಯಿತು. ಎಕ್ಸಲರೇಟರ್ ಪೂರ್ತಿ ಒತ್ತಿದರೂ 30 ದಾಟಲಿಲ್ಲ. ಹಿಂದೆ ಲಾರಿಗಳ ಹಾರ್ನ್. ಅಮ್ಮ ಏನೂ ಮಾತಾಡದೆ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಫಿಲ್ಟರನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ: ಬದಲಿಸಲೇಬೇಕೇ?

ಪಾನಾ

ಇಪ್ಪತ್ತು ವರ್ಷದಿಂದ ಎಂಜಿನ್ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಬದಲಿಸಲು ಒಪ್ಪಬೇಡಿ, ಇನ್ನೂ. ಮೊದಲು ಒಂದು ಕೆಲಸ ಮಾಡಿ: ಗಾಡಿ ಸಮತಟ್ಟಾದ ಜಾಗದಲ್ಲಿ ಒಂದು ಗಂಟೆ ನಿಂತಿರಲಿ. ಡಿಪ್‌ಸ್ಟಿಕ್ (ಎಂಜಿನ್ ಆಯಿಲಿನ ಮಟ್ಟ ನೋಡುವ ಕಡ್ಡಿ) ತೆಗೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಆಯಿಲ್ ಎಲ್ಲಿಗಿದೆ, ವಾಸನೆ ಹೇಗಿದೆ ಎಂದು ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ. ಯಾರಾದರೂ "ಒಂದು ಸಲ ಜೋರಾಗಿ ಓಡಿಸಿಬಿಡಿ, ಸರಿಹೋಗುತ್ತದೆ" ಎಂದರೆ ಕೇಳಬೇಡಿ.

ಸಣ್ಣಕಾರು

ಇಂಥ ಬರಹ ಓದಿದಾಗಲೆಲ್ಲ ನನಗೆ ಅನಿಸುವುದು ಒಂದೇ. ನಮ್ಮಲ್ಲಿ ಬಹುತೇಕರಿಗೆ ಎಸ್‌ಯುವಿ ಬೇಕಾಗಿಯೇ ಇಲ್ಲ. ಎರಡು ಚಕ್ರಕ್ಕೆ ಮಾತ್ರ ಎಳೆತ ಇರುವ, ಹ್ಯಾಚ್‌ಬ್ಯಾಕಿನ ಚಾಸಿಯ ಮೇಲೆಯೇ ಕಟ್ಟಿದ, ಎತ್ತರ ಮಾತ್ರ ಹೆಚ್ಚಿಸಿದ ಗಾಡಿ ಅದು. ಎತ್ತರ ಹೆಚ್ಚಿದಷ್ಟೂ ಗಾಳಿಯನ್ನು ಸೀಳಲು ಹೆಚ್ಚು ಇಂಧನ ಬೇಕು, ತಿರುವಿನಲ್ಲಿ ಹೆಚ್ಚು ವಾಲುತ್ತದೆ.

ಇದು ಬರೀ ಅಭಿಪ್ರಾಯವಲ್ಲ. ಎಡಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವಕೇಂದ್ರದ ಎತ್ತರದ ಎರಡು ಪಟ್ಟಿನಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಗಾಡಿ ಮಗುಚುವ ಸಾಧ್ಯತೆಯನ್ನು ಅಂದಾಜು ಮಾಡಲು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಬಳಸುವುದು ಇದನ್ನೇ. ಸಾಮಾನ್ಯ ಕಾರುಗಳಲ್ಲಿ ಅದು 1.3ರಿಂದ 1.5ರವರೆಗೆ ಇರುತ್ತದೆ, ಎಸ್‌ಯುವಿಗಳಲ್ಲಿ 1.0ರಿಂದ 1.3ರವರೆಗೆ. ಸಂಖ್ಯೆ ಇಳಿದಷ್ಟೂ ಮಗುಚುವುದು ಸುಲಭ.

ದೂರದಾರಿ

@ಸಣ್ಣಕಾರು, ನಿಮ್ಮ ಲೆಕ್ಕವನ್ನು ಅಲ್ಲಗಳೆಯುವುದಿಲ್ಲ. ಆದರೆ ನನಗೆ ಎತ್ತರ ಬೇಕಾಗಿದ್ದದ್ದು ರಸ್ತೆಯ ಮೇಲೆ ಗತ್ತು ತೋರಿಸುವುದಕ್ಕಲ್ಲ. ಮೊಣಕಾಲು 90 ಡಿಗ್ರಿಗಿಂತ ಹೆಚ್ಚು ಮಡಚಲಾಗದ ಒಬ್ಬ ಹೆಂಗಸು ಇನ್ನೊಬ್ಬರ ಕೈ ಹಿಡಿಯದೆ ಕಾರಿನಿಂದ ಇಳಿಯುವುದಕ್ಕೆ. ಹ್ಯಾಚ್‌ಬ್ಯಾಕ್ ಮೂರನ್ನು ಅಳೆದಿದ್ದೆ. 54ರ ಮೇಲೆ ಯಾವುದೂ ಇರಲಿಲ್ಲ.

@ಪಾನಾ, ನೋಡಿದೆ. ಮೇಲಿನ ಗುರುತಿಗಿಂತ ಒಂದೂವರೆ ಬೆರಳು ಮೇಲಕ್ಕಿದೆ! ಆಯಿಲ್ ಕಡಿಮೆಯಾಗಬಹುದು ಎಂದಷ್ಟೇ ಇಷ್ಟು ದಿನ ತಿಳಿದಿದ್ದೆ, ಹೆಚ್ಚಾಗುತ್ತದೆ ಎಂದು ಗೊತ್ತಿರಲಿಲ್ಲ. ಬೆರಳಿಗೆ ಹಚ್ಚಿ ಉಜ್ಜಿದರೆ ನೀರಿನಂತೆ ಜಾರುತ್ತದೆ, ಜಿಡ್ಡೇ ಇಲ್ಲ. ಡೀಸೆಲ್ ವಾಸನೆ ಸ್ಪಷ್ಟವಾಗಿ ಬರುತ್ತಿದೆ.

ಪಾನಾ

ನಾನು ಅಂದುಕೊಂಡದ್ದೇ ಆಯಿತು. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನು ಗಾಡಿ ಮಾರುವಾಗ ಯಾರೂ ಹೇಳುವುದಿಲ್ಲ, ಹೇಳಬೇಕಾದವರು ಅವರೇ.

ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ. ಹಿಂದೆ ಅದು ಸೈಲೆನ್ಸರಿನಿಂದ ಕಪ್ಪು ಹೊಗೆಯಾಗಿ ನಮ್ಮ ಶ್ವಾಸಕೋಶಕ್ಕೆ ಬರುತ್ತಿತ್ತು. ಈಗ ಜೇನುಹಟ್ಟಿನಂತೆ ಸಣ್ಣ ಸಣ್ಣ ಕೊಳವೆಗಳಿರುವ ಒಂದು ಪಿಂಗಾಣಿಯಂಥ ಗಡ್ಡೆಯನ್ನು ಮಧ್ಯೆ ಇಟ್ಟಿರುತ್ತಾರೆ. ಅದೇ ಡಿಪಿಎಫ್. ಮಸಿ ಅದರ ಗೋಡೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಆಗಾಗ ಅದನ್ನು ಒಳಗೇ ಸುಡಬೇಕು. ಮಸಿ ಸುಡಲು ಸುಮಾರು 600 ಡಿಗ್ರಿ ಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದರೆ ಹೊಗೆಯ ಬಿಸಿಯೇ ಈ ಕೆಲಸದ ಬಹುಭಾಗ ಮಾಡುತ್ತದೆ. ನಿಮ್ಮ ಮೊದಲ 45 ಸಾವಿರ ಕಿಲೋಮೀಟರ್ ಸಲೀಸಾಗಿ ಕಳೆದದ್ದು ಅದರಿಂದಲೇ.

ಐದು ಕಿಲೋಮೀಟರ್ ಓಟದಲ್ಲಿ ಎಂಜಿನ್ ಬೆಚ್ಚಗಾಗುವಷ್ಟರಲ್ಲಿ ಕಚೇರಿ ಬಂದಿರುತ್ತದೆ. ಮಸಿ ಸೇರುತ್ತಲೇ ಇರುತ್ತದೆ. ಒಂದು ಮಟ್ಟ ದಾಟಿದಾಗ ಎಂಜಿನಿನ ಕಂಪ್ಯೂಟರ್ ತಾನೇ ಸುಡಲು ಹೊರಡುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಹೆಚ್ಚುವರಿ ಡೀಸೆಲನ್ನು ತಡವಾಗಿ ಸಿಂಪಡಿಸಿ ಹೊಗೆಯನ್ನು ಕಾಯಿಸುತ್ತದೆ. ಇದಕ್ಕೆ ಹತ್ತರಿಂದ ಇಪ್ಪತ್ತು ನಿಮಿಷ ಬೇಕು. ನೀವು ಕಂಡ ಫ್ಯಾನಿನ ಸದ್ದು, ಸುಟ್ಟ ವಾಸನೆ, ಏರಿದ ಎಂಜಿನ್ ವೇಗ ಎಲ್ಲವೂ "ಸುಡುತ್ತಿದ್ದೇನೆ, ಈಗ ಆರಿಸಬೇಡ" ಎಂದು ಗಾಡಿ ಹೇಳಿದ ಮಾತು. ನೀವು ಪ್ರತಿ ಸಲ ಮಧ್ಯದಲ್ಲೇ ಆರಿಸಿದ್ದೀರಿ. ತಪ್ಪು ನಿಮ್ಮದಲ್ಲ, ಅದರ ಭಾಷೆಯನ್ನು ಯಾರೂ ನಿಮಗೆ ಕಲಿಸಿರಲಿಲ್ಲ.

ತಡವಾಗಿ ಸಿಂಪಡಿಸಿದ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಒಂದಷ್ಟು ಸಿಲಿಂಡರಿನ ಗೋಡೆಗೆ ಹತ್ತಿ, ಪಿಸ್ಟನ್ ರಿಂಗ್ ದಾಟಿ ಕೆಳಗಿನ ಆಯಿಲಿಗೆ ಇಳಿಯುತ್ತದೆ. ಹೀಗೆ ಅರ್ಧಂಬರ್ಧ ಸುಡುವ ಪ್ರಯತ್ನ ಹತ್ತಿಪ್ಪತ್ತು ಸಲ ಆದರೆ ಆಯಿಲಿನ ಮಟ್ಟ ಏರುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ತೆಳ್ಳಗಿನ ಆಯಿಲ್ ಟರ್ಬೊ ಮತ್ತು ಬೇರಿಂಗಿಗೆ ವಿಷ. ಇನ್ನೂ ಒಂದು ಅಪಾಯವಿದೆ. ಮಟ್ಟ ತೀರಾ ಏರಿ, ಆ ಆಯಿಲೇ ಗಾಳಿಯ ದಾರಿಯಿಂದ ಸಿಲಿಂಡರಿಗೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನವಾಗಿ ಸುಡತೊಡಗುತ್ತದೆ. ಆಗ ಕೀಲಿ ತೆಗೆದರೂ ನಿಲ್ಲುವುದಿಲ್ಲ. ಹೆದ್ದಾರಿಗೆ ಒಯ್ಯಬೇಡಿ ಎಂದದ್ದು ಇದಕ್ಕೇ.

ಈಗ ಮಾಡಬೇಕಾದದ್ದು. ಮೊದಲು ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿಸಿ. ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಡಬ್ಬಿಯ ಮೇಲೆ ಎಸಿಇಎ ಸಿ2 ಅಥವಾ ಸಿ3 ಎಂಬಂಥ ಗುರುತು ಇರುತ್ತದೆ, ನಿಮ್ಮ ಗಾಡಿಯ ಪುಸ್ತಕ ಯಾವುದನ್ನು ಹೇಳಿದೆಯೋ ಅದೇ ಇರಲಿ. ಎರಡನೆಯದು, ಸ್ಕ್ಯಾನರ್ ಹಾಕಿಸಿ ಮಸಿಯ ಪ್ರಮಾಣ ಎಷ್ಟು, ಬೂದಿಯ ಪ್ರಮಾಣ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಫಿಲ್ಟರ್ ಕಳಚಿ ತೊಳೆಯುವ ಅಥವಾ ಬದಲಿಸುವ ಮಾತು ಬರುವುದು ಬೂದಿ ತುಂಬಿದಾಗ. 62 ಸಾವಿರಕ್ಕೆ ಅದು ತುಂಬಿರುವ ಸಾಧ್ಯತೆ ಕಡಿಮೆ. ಮೂರನೆಯದು, ಫಿಲ್ಟರಿನ ಮುಂದೆ ಮತ್ತು ಹಿಂದೆ ಒತ್ತಡ ಅಳೆಯುವ ಸೆನ್ಸರಿಗೆ ಎರಡು ಸಣ್ಣ ರಬ್ಬರ್ ಕೊಳವೆಗಳು ಹೋಗಿರುತ್ತವೆ. ಬಿಸಿಗೆ ಅವು ಬಿರಿಯುತ್ತವೆ. ಸೆನ್ಸರ್ ಬದಲಿಸಿದವರು ಕೊಳವೆ ನೋಡಿದ್ದಾರೆಯೇ? ಆ ಕೊಳವೆ ಬಿರಿದಿದ್ದರೆ ಹೊಸ ಸೆನ್ಸರ್ ಕೂಡ ತಪ್ಪು ಲೆಕ್ಕವನ್ನೇ ಕೊಡುತ್ತದೆ.

ಇದೆಲ್ಲ ಆದಮೇಲೆ ಗ್ಯಾರೇಜಿನಲ್ಲೇ ಸ್ಕ್ಯಾನರ್ ಮೂಲಕ ಗಾಡಿ ನಿಲ್ಲಿಸಿ ಮಸಿ ಸುಡಿಸಬಹುದು. ಒಂದು ಎಚ್ಚರಿಕೆ: ಸುಡುವಾಗ, ಸುಟ್ಟ ಕೂಡಲೇ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಹೊಟ್ಟೆಯ ಕೆಳಗಿನ ಬಿಸಿಗೆ ಹುಲ್ಲು ಹೊತ್ತಿಕೊಳ್ಳುತ್ತದೆ.

ಹಿಂದಿನ ಸೀಟು

@ಪಾನಾ ಅವರೇ, ಇದನ್ನು ಮುದ್ರಿಸಿ ಗಾಡಿಯ ಡ್ರಾಯರಿನಲ್ಲಿ ಇಡುತ್ತಿದ್ದೇನೆ. ನಮ್ಮದೂ ಡೀಸೆಲ್. ಫ್ಯಾನಿನ ಸದ್ದು ಕೇಳಿ ಎಷ್ಟೋ ಸಲ ಆರಿಸಿ ಒಳಗೆ ಹೋಗಿದ್ದೇನೆ.

ಎರಡು ಚಿಕ್ಕ ಮಕ್ಕಳ ತಾಯಿಯಾಗಿ ಎತ್ತರದ ಬಗ್ಗೆ ನಾನೂ ಎರಡು ಮಾತು ಸೇರಿಸಬೇಕು. ಮಗುವನ್ನು ಸೀಟಿಗೆ ಕಟ್ಟುವಾಗ ಬೆನ್ನು ಬಗ್ಗಿಸಬೇಕಾಗಿಲ್ಲ ಎನ್ನುವುದು ನಿಜವಾದ ಸುಖ. ಆದರೆ ಅದೇ ಎತ್ತರ ನನಗೆ ಭಯವನ್ನೂ ಕಲಿಸಿದೆ. ಒಂದು ದಿನ ಗೇಟಿನ ಬಳಿ ಗಾಡಿ ನಿಲ್ಲಿಸಿ, ಮಗಳನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿ, ನಾನು ಚಾಲಕರ ಸೀಟಿನಲ್ಲಿ ಕುಳಿತು ನೋಡಿದೆ. ಮೂರು ವರ್ಷದ ಮಗು. ಎರಡು ಹೆಜ್ಜೆ ದೂರದಲ್ಲಿ ನಿಂತು ಕೈ ಬೀಸುತ್ತಿದ್ದಾಳೆ, ನನಗೆ ಕಂಡದ್ದು ಬೆರಳುಗಳು ಮಾತ್ರ. ಆಮೇಲೆ ಹಿಂದೆ ನಿಲ್ಲಿಸಿದೆ. ಹಿಂದಿನ ಗಾಜು ಎಷ್ಟು ಮೇಲಿದೆಯೆಂದರೆ ಅಲ್ಲಿ ಅವಳು ಇಲ್ಲವೇ ಇಲ್ಲ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮೆರಾ ಕಡ್ಡಾಯ ಮಾಡಿದ್ದಾರೆ, ಅದಕ್ಕೆ ಕಾರಣವೂ ಇಂಥ ಮಕ್ಕಳೇ. ಕ್ಯಾಮೆರಾ ಇದ್ದರೂ ನಾನು ಗಾಡಿಯನ್ನು ಒಂದು ಸುತ್ತು ಹಾಕಿಯೇ ಒಳಗೆ ಕೂರುತ್ತೇನೆ. ಎಸ್‌ಯುವಿ ಇರುವ ಪ್ರತಿಯೊಬ್ಬರೂ ತಮ್ಮ ಮನೆಯ ಮಗುವನ್ನು ನಿಲ್ಲಿಸಿ ಒಮ್ಮೆ ಹೀಗೆ ನೋಡಬೇಕು, ಕೀಲಿ ಕೈಯಲ್ಲೇ ಇರಲಿ, ಎಂಜಿನ್ ಆರಿರಲಿ.

ಇನ್ನೊಂದು ಪ್ರಶ್ನೆ. ಸಣ್ಣ ಗುಂಡಿಗಳಿಗೂ ಹಿಂದೆ ಕುಳಿತವರ ಮೈ ಕುಲುಕುತ್ತದೆ, ದೊಡ್ಡವನು ವಾಂತಿ ಮಾಡಿಕೊಳ್ಳುತ್ತಾನೆ. ಗಾಡಿಯ ಗುಣವೇ ಹಾಗೆಯೇ?

ಪಾನಾ

ಟೈರಿನ ಗೋಡೆಯ ಮೇಲಿನ ಸಂಖ್ಯೆ ಬರೆಯಿರಿ. ಗಾಳಿ ಎಷ್ಟು ಹಾಕಿಸುತ್ತೀರಿ ಎಂಬುದನ್ನೂ.

ಹಿಂದಿನ ಸೀಟು

215/55 ಆರ್ 18. ಗಾಳಿ 38 ಹಾಕಿಸುತ್ತೇವೆ, ಹೆಚ್ಚು ಇದ್ದರೆ ಮೈಲೇಜ್ ಬರುತ್ತದೆ ಎಂದು ಗಾಳಿ ಹಾಕುವ ಹುಡುಗ ಹೇಳಿದ್ದ.

ಪಾನಾ

ಚಾಲಕರ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಬರೆದಿರುವಷ್ಟೇ ಹಾಕಿಸಿ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಹೊರಗಿನ ತಾಪ ಐದಾರು ಡಿಗ್ರಿ ಬದಲಾದರೆ ಸುಮಾರು ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನಿಮ್ಮ 38 ಕೂಡ ಅದರಲ್ಲೇ) ವ್ಯತ್ಯಾಸ ಆಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ನೋಡಲೇಬೇಕು.

ಸಂಖ್ಯೆಯ ಅರ್ಥ ಇದು: 215 ಎಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ. 55 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 55, ಅಂದರೆ 118 ಮಿಲಿಮೀಟರ್. 18 ಎಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. ಇದೇ ಗಾಡಿಯ ಕೆಳದರ್ಜೆಯ ಮಾದರಿಗೆ 215/65 ಆರ್ 16 ಕೊಟ್ಟಿದ್ದರೆ ಅದರ ಗೋಡೆ 140 ಮಿಲಿಮೀಟರ್. ಹೊರಗಿನ ಒಟ್ಟು ವ್ಯಾಸದಲ್ಲಿ ಒಂದು ಸೆಂಟಿಮೀಟರಿನ ವ್ಯತ್ಯಾಸವೂ ಇಲ್ಲ, ಆದರೆ ಗುಂಡಿಯನ್ನು ನುಂಗುವ ರಬ್ಬರ್ ಮತ್ತು ಗಾಳಿ ಎರಡು ಸೆಂಟಿಮೀಟರ್ ಹೆಚ್ಚು. ಎತ್ತರದ ಗಾಡಿ ವಾಲಬಾರದೆಂದು ಸಸ್ಪೆನ್ಷನ್ ಸ್ವಲ್ಪ ಬಿಗಿ ಮಾಡಿರುತ್ತಾರೆ, ಅದರ ಮೇಲೆ ನೋಟಕ್ಕಾಗಿ ದೊಡ್ಡ ರಿಮ್ ಹಾಕುತ್ತಾರೆ. ಕುಲುಕು ಹಿಂದೆ ಕುಳಿತವರ ಪಾಲಿಗೆ. ನಿಮ್ಮ ಬ್ರೇಕಿನ ಮೇಲೆ 16 ಇಂಚಿನ ರಿಮ್ ಕೂರುತ್ತದೆಯೇ ಎಂದು ವಿಚಾರಿಸಿ. ಕೂರುವುದಾದರೆ, ಹಳೆಯ ಟೈರ್ ಸವೆದಾಗ ಬದಲಿಸಿ ನೋಡಿ. ಸವೆಯದಿದ್ದರೂ ವಯಸ್ಸು ನೋಡಬೇಕು. ಟೈರಿನ ಮೇಲೆ ಡಿಒಟಿ ಎಂಬ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಮಗನನ್ನು ಮುಂದಿನ ರಸ್ತೆ ಕಾಣುವ ಕಡೆ ಕೂರಿಸಿ, ಮೊಬೈಲ್ ಕೊಡಬೇಡಿ.

ಹಳೆಯ ಕ್ಲಚ್

ಸಣ್ಣಕಾರು ಅವರ ಮಾತಿಗೆ ಸ್ವಲ್ಪ ಹಿನ್ನೆಲೆ ಕೊಡಬೇಕೆನಿಸಿತು. ಕಾರಿನ ಚಾಸಿಯ ಮೇಲೆ ಎತ್ತರದ ಗಾಡಿ ಕಟ್ಟಿದ್ದು ಮೋಸ ಎನ್ನುವ ಧ್ವನಿ ಅದರಲ್ಲಿದೆ. ನನಗೆ ಅದು ಮೋಸವಲ್ಲ, ದೊಡ್ಡ ಉಪಕಾರ.

ಹಳೆಯ ಜೀಪಿನ ಮಾದರಿಯ ಗಾಡಿಗಳನ್ನು ಓಡಿಸಿದವನು ನಾನು. ಕೆಳಗೆ ಲಾರಿಯಂತೆ ಉಕ್ಕಿನ ಏಣಿಯಾಕಾರದ ಚೌಕಟ್ಟು, ಅದರ ಮೇಲೆ ಬೇರೆಯಾಗಿ ಕೂರಿಸಿದ ಮೈ. ಕಾಡು, ಕೆಸರಿಗೆ ಅದು ಸರಿ. ದಿನನಿತ್ಯದ ರಸ್ತೆಯಲ್ಲಿ ಸೊಂಟ ಮುರಿಯುತ್ತದೆ. ಸೋವಿಯತ್ ಒಕ್ಕೂಟದ ಲಾಡಾ ನಿವಾ 1977ರಲ್ಲಿ ಬಂದಾಗ ಅದಕ್ಕೆ ಆ ಚೌಕಟ್ಟಿರಲಿಲ್ಲ, ಕಾರಿನಂತೆ ಇಡೀ ಮೈಯೇ ಭಾರ ಹೊರುತ್ತಿತ್ತು, ಜೊತೆಗೆ ನಾಲ್ಕೂ ಚಕ್ರಕ್ಕೆ ಸದಾ ಎಳೆತ. 1994ರಲ್ಲಿ ಜಪಾನಿನ ಟೊಯೋಟಾ ಆರ್‌ಎವಿ4, ಮರುವರ್ಷ ಹೋಂಡಾ ಸಿಆರ್‌-ವಿ ಇದೇ ದಾರಿ ಹಿಡಿದವು, ಕಾರಿನ ಅಂಗಾಂಗಗಳನ್ನೇ ಬಳಸಿದವು. ಈಗ ನೀವೆಲ್ಲ ಓಡಿಸುತ್ತಿರುವ ಗಾಡಿಗಳು ಅವುಗಳ ಮೊಮ್ಮಕ್ಕಳು.

ಇನ್ನು ಮಗುಚುವ ಮಾತು. ಎತ್ತರದ ಗಾಡಿಯ ಆ ದೌರ್ಬಲ್ಯ ನಿಜ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ರಸ್ತೆಗೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವಂತೆ ಎಡಕ್ಕೂ ಬಲಕ್ಕೂ ತಟ್ಟನೆ ತಿರುಗಿಸುವ ಪರೀಕ್ಷೆ ನಡೆಸಿದಾಗ ಮರ್ಸಿಡಿಸ್ ಎ-ಕ್ಲಾಸ್ ಮಗುಚಿಬಿತ್ತು. ಅದು ಎಸ್‌ಯುವಿಯೂ ಅಲ್ಲ, ಎತ್ತರ ನಿಲುವಿನ ಪುಟ್ಟ ಕಾರು. ಆಮೇಲೆ ಆ ಕಂಪನಿ ಎಲ್ಲ ಎ-ಕ್ಲಾಸಿಗೂ ಇಎಸ್‌ಪಿ ಹಾಕಿತು. ಗಾಡಿ ಜಾರುತ್ತಿದೆ ಎಂದು ತಿಳಿದ ಕ್ಷಣ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ನೆಟ್ಟಗೆ ತರುವ ವ್ಯವಸ್ಥೆ ಅದು. ಹಾಗಾಗಿ ಎತ್ತರದ ಗಾಡಿ ಕೊಳ್ಳುವವರು ಅಲಂಕಾರಗಳನ್ನೆಲ್ಲ ಬಿಟ್ಟರೂ ಇದನ್ನು ಬಿಡಬಾರದು. ಮೇಲಿನ ಕ್ಯಾರಿಯರಿನಲ್ಲಿ ಭಾರ ಹೇರುವುದನ್ನೂ ಆದಷ್ಟು ತಪ್ಪಿಸಬೇಕು.

ಸಣ್ಣಕಾರು

@ದೂರದಾರಿ, ನಿಮ್ಮ ತಾಯಿಯವರ ವಿಷಯವನ್ನು ಸರಿಯಾಗಿ ಓದದೆ ಬರೆದೆ, ಕ್ಷಮಿಸಿ. ಟೇಪು ಹಿಡಿದು ಹೋದ ನಿಮ್ಮ ಕ್ರಮವೇ ಸರಿ. ಆದರೆ ಎಂಜಿನನ್ನೂ ಹಾಗೆಯೇ ಅಳೆದು ಕೊಂಡಿದ್ದರೆ ಚೆನ್ನಾಗಿತ್ತು.

80ರಲ್ಲಿ 22, 110ರಲ್ಲಿ 16 ಎಂದು ಬರೆದಿದ್ದೀರಲ್ಲ, ಅದರ ಕಾರಣ: ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 110ಕ್ಕೆ ಹೋದರೆ ತಡೆ ಸುಮಾರು 1.9 ಪಟ್ಟು. ಗಾಡಿಯ ಮುಖ ಅಗಲ ಮತ್ತು ಎತ್ತರ ಇದ್ದಷ್ಟೂ ಆ ಪೆಟ್ಟು ಜೋರು. ದೂರ ಹೋಗುವಾಗ 90ರ ಸುತ್ತ ಇರುವುದೇ ಈ ಗಾಡಿಗಳಿಗೆ ಒಳ್ಳೆಯದು.

ದೂರದಾರಿ

ನೀವು ಹೇಳಿದ್ದು ಸರಿ. ನಾನು ಅಮ್ಮನನ್ನು ಅಳೆದೆ, ದಾರಿಯನ್ನು ಅಳೆಯಲಿಲ್ಲ. ಕೊಂಡಾಗ ಡೀಸೆಲ್ ಸರಿಯಾಗಿಯೇ ಇತ್ತು. ಕೆಲಸ ಬದಲಾದ ದಿನವೇ ಎಂಜಿನ್ ಬಗ್ಗೆ ಯೋಚಿಸಬೇಕಿತ್ತು, ಅದು ಹೊಳೆಯಲೇ ಇಲ್ಲ.

ಪೆಟ್ರೋಲ್ ಆಗಿದ್ದರೆ ಈ ಯಾವ ತೊಂದರೆಯೂ ಇರುತ್ತಿರಲಿಲ್ಲವೇ?

ಪಾನಾ

ಈ ತೊಂದರೆ ಇಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಸಣ್ಣ ಓಟ ಯಾವ ಎಂಜಿನಿಗೂ ಒಗ್ಗುವುದಿಲ್ಲ. ಈಗಿನ ಹಲವು ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಇಂಧನವನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುತ್ತವೆ. ಹಳೆಯ ಪದ್ಧತಿಯಲ್ಲಿ ಪೆಟ್ರೋಲ್ ವಾಲ್ವಿನ ಬೆನ್ನನ್ನು ತೊಳೆದುಕೊಂಡು ಒಳಗೆ ಹೋಗುತ್ತಿತ್ತು. ಈಗ ಆ ತೊಳೆಯುವಿಕೆ ಇಲ್ಲ, ವಾಲ್ವಿನ ಮೇಲೆ ಇಂಗಾಲ ಗಟ್ಟಿಯಾಗಿ ಕೂರುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಕೂಡ ಆಯಿಲಿಗೆ ಇಳಿಯುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ಮಾತ್ರ ಓಡಿಸುವವರು ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ ನೋಡುವುದು ಕ್ಷೇಮ. ಅದಕ್ಕೂ ಕಿಲೋಮೀಟರ್ ಆಗಲಿಲ್ಲವೆಂದು ಆಯಿಲ್ ಮುಂದೂಡದೆ ವರ್ಷಕ್ಕೊಮ್ಮೆ ಬದಲಿಸಬೇಕು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರಿಕೊಂಡು ಬೇಗ ಕುದಿಯುವಂತಾಗುತ್ತದೆ, ಇಳಿಜಾರಿನಲ್ಲಿ ಕೈಕೊಡುತ್ತದೆ.

ಕಿಲೋವ್ಯಾಟ್

ದಿನಕ್ಕೆ ಹತ್ತು ಕಿಲೋಮೀಟರ್, ಸಿಗ್ನಲ್‌ಗಳ ಮಧ್ಯೆ: ವಿದ್ಯುತ್ ಗಾಡಿಗೆ ಹೇಳಿ ಮಾಡಿಸಿದ ಓಟ ಇದು. ಬೆಚ್ಚಗಾಗಬೇಕಾದ ಎಂಜಿನ್ ಇಲ್ಲ, ಮಸಿ ಇಲ್ಲ. ಬ್ಯಾಟರಿ ನೆಲದಡಿಯಲ್ಲಿರುವುದರಿಂದ ಎತ್ತರದ ಗಾಡಿಯಾದರೂ ಭಾರವೆಲ್ಲ ಕೆಳಗೆ ಕೂರುತ್ತದೆ, ಸಣ್ಣಕಾರು ಅವರ ಲೆಕ್ಕದ ಸಂಖ್ಯೆಯೂ ಸುಧಾರಿಸುತ್ತದೆ.

ಆದರೆ ತಾಯಿಯವರಿಗಾಗಿ ಕೊಳ್ಳುವುದಾದರೆ ಒಂದು ವಿಷಯ ಗಮನಿಸಿ, ನಾನು ಗಮನಿಸದೆ ತಪ್ಪಿದ್ದೇನೆ. ಅದೇ ಬ್ಯಾಟರಿಯಿಂದಾಗಿ ಹಲವು ಗಾಡಿಗಳಲ್ಲಿ ಹಿಂದಿನ ಸಾಲಿನ ಕಾಲಿಡುವ ನೆಲ ಮೇಲೆದ್ದಿರುತ್ತದೆ. ಸೀಟು ನೆಲದಿಂದ ಎತ್ತರವಿದ್ದರೂ, ಒಳಗೆ ಕುಳಿತ ಮೇಲೆ ಮೊಣಕಾಲು ಮೇಲಕ್ಕೆ ಬಂದು ತೊಡೆ ಸೀಟಿಗೆ ತಾಗದೆ ನಿಲ್ಲುತ್ತದೆ. ನನ್ನ ಮಾವನವರು ಅರ್ಧ ಗಂಟೆಗೆ ಕಾಲು ಚಾಚಲು ಗಾಡಿ ನಿಲ್ಲಿಸಿ ಎನ್ನುತ್ತಾರೆ. ಶೋರೂಮಿನಲ್ಲಿ ಮೂರು ನಿಮಿಷ ಕೂರಿಸಿದರೆ ಇದು ತಿಳಿಯುವುದಿಲ್ಲ. ಟೇಪಿನಲ್ಲಿ ಎರಡು ಅಳತೆ ತೆಗೆದುಕೊಳ್ಳಿ: ರಸ್ತೆಯಿಂದ ಸೀಟಿಗೆ ಒಂದು, ಕಾಲಿಡುವ ನೆಲದಿಂದ ಸೀಟಿಗೆ ಇನ್ನೊಂದು.

ಹಿಂದಿನ ಸೀಟು

ಗಾಳಿ 38ರಿಂದ ಚೀಟಿಯಲ್ಲಿದ್ದ 33ಕ್ಕೆ ಇಳಿಸಿದೆವು. ನಿನ್ನೆ ಎರಡು ಗಂಟೆಯ ಪ್ರಯಾಣ, ಮಗ ಕಿಟಕಿ ನೋಡುತ್ತ ಬಂದ, ವಾಂತಿ ಆಗಲಿಲ್ಲ. ಪಾನಾ ಅವರಿಗೆ ನಮ್ಮ ಮನೆಯವರೆಲ್ಲರ ಪರವಾಗಿ ವಂದನೆ.

ದೂರದಾರಿ

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ. ಎಲ್ಲ ಮುಗಿದ ಮೇಲೆಯೇ ಬರೆಯೋಣ ಎಂದು ಕಾದೆ.

ಬೇರೊಂದು ಗ್ಯಾರೇಜಿಗೆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋದೆ. ಐದು ಲೀಟರ್ ಹಿಡಿಯುವ ಎಂಜಿನಿನಿಂದ ಇಳಿದದ್ದು ಆರು ಲೀಟರಿಗೆ ಸ್ವಲ್ಪವೇ ಕಡಿಮೆ. ತಟ್ಟೆಯಲ್ಲಿ ಅದು ಆಯಿಲಿನಂತೆ ಹರಿಯಲಿಲ್ಲ, ಕಪ್ಪು ನೀರಿನಂತೆ ಚೆಲ್ಲಿತು. ಸ್ಕ್ಯಾನರಿನಲ್ಲಿ ಬೂದಿ ಕಡಿಮೆ, ಮಸಿ ಮಿತಿಗೆ ಬಹಳ ಹತ್ತಿರ. ಒತ್ತಡದ ಕೊಳವೆಯನ್ನು ಮೆಕ್ಯಾನಿಕ್ ಬೆರಳಲ್ಲಿ ಬಗ್ಗಿಸಿ ನನಗೆ ತೋರಿಸಿದರು: ಲೋಹದ ಮೂತಿಗೆ ಸೇರುವ ಕಡೆ ಉಗುರಿನಷ್ಟು ಉದ್ದದ ಬಿರುಕು. ಸೆನ್ಸರ್ ಬದಲಿಸಿದವರ ಕೈ ಆ ಕೊಳವೆಯನ್ನು ಕಳಚಿಯೇ ಮತ್ತೆ ಜೋಡಿಸಿರಬೇಕು. ಕಣ್ಣಿಗೆ ಬೀಳಲಿಲ್ಲವೋ, ಬಿದ್ದೂ ಬಿಟ್ಟರೋ ತಿಳಿಯದು. ಅಮ್ಮ ಆ ಏರಿನಲ್ಲಿ ಹಿಡಿಕೆ ಹಿಡಿದು ಕುಳಿತದ್ದು ನೆನಪಾದಾಗ ಈಗಲೂ ಸಿಟ್ಟು ಬರುತ್ತದೆ.

ಕೊಳವೆ ಬದಲಾಯಿತು, ಹೊಸ ಆಯಿಲ್ ಬಿತ್ತು, ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ನಿಲ್ಲಿಸಿ ಮಸಿ ಸುಡಿಸಿದರು. 25 ನಿಮಿಷ ಹಿಡಿಯಿತು. ಫಿಲ್ಟರ್ ಬದಲಿಸಬೇಕಾಗಲಿಲ್ಲ. ಪಾನಾ ಅವರೇ, ನಿಮ್ಮನ್ನು ಕಂಡಿಲ್ಲ, ಆದರೂ ನಿಮ್ಮ ಋಣ ನನ್ನ ಮೇಲಿದೆ.

ಗಾಡಿಯನ್ನು ನನ್ನ ಅಕ್ಕನ ಮಗನಿಗೆ ಕೊಡುತ್ತಿದ್ದೇನೆ. ಅವನ ಕೆಲಸಕ್ಕೆ ದಿನಕ್ಕೆ 90 ಕಿಲೋಮೀಟರ್ ಹೆದ್ದಾರಿ ಓಟವಿದೆ, ಈ ಎಂಜಿನ್ ಅಲ್ಲಿ ಸುಖವಾಗಿರುತ್ತದೆ. ಏನೇನಾಗಿತ್ತು ಎಂದು ಒಂದನ್ನೂ ಮುಚ್ಚಿಡದೆ ಹೇಳಿದ್ದೇನೆ. ಡಿಪ್‌ಸ್ಟಿಕ್ ನೋಡುವುದನ್ನು ಕಲಿಸಿ, ಕೊಳವೆಯ ಜಾಗವನ್ನೂ ತೋರಿಸಿದ್ದೇನೆ.

ನಿನ್ನೆ ಅಮ್ಮನನ್ನು ಕರೆದುಕೊಂಡು ವಿದ್ಯುತ್ ಗಾಡಿಗಳನ್ನು ನೋಡಲು ಹೋಗಿದ್ದೆ. ಟೇಪು ಈ ಸಲ ಅವರ ಕೈಚೀಲದಲ್ಲೇ ಇತ್ತು. ಮೊದಲನೆಯದರಲ್ಲಿ ರಸ್ತೆಯಿಂದ ಸೀಟಿಗೆ 65, ಆದರೆ ಹಿಂದಿನ ಸಾಲಿನಲ್ಲಿ ಕಾಲಿಡುವ ನೆಲದಿಂದ ಸೀಟಿಗೆ 29 ಮಾತ್ರ. ಕಿಲೋವ್ಯಾಟ್ ಅವರು ಹೇಳಿದಂತೆಯೇ ಮೊಣಕಾಲು ಎದೆಯ ಕಡೆಗೆ ಬಂತು. ಎರಡನೆಯದರ ಮುಂದಿನ ಸೀಟನ್ನು ಗುಂಡಿ ಒತ್ತಿ ಎತ್ತರಿಸಬಹುದು. 63ಕ್ಕೆ ನಿಲ್ಲಿಸಿದೆವು. ಅಮ್ಮ ಕುಳಿತರು, ಇಳಿದರು, ಮತ್ತೆ ಕುಳಿತರು. ಅರ್ಧ ಗಂಟೆ ಅಲ್ಲೇ ಕುಳಿತಿರುತ್ತೇನೆ, ನೀನು ಹೋಗಿ ಬ್ಯಾಟರಿಯ ವಿಷಯವೆಲ್ಲ ಕೇಳಿಕೊಂಡು ಬಾ ಎಂದರು. ನಾನು ತಿರುಗಿ ಬಂದಾಗ ಗಾಡಿಯ ಬಾಗಿಲು ತೆರೆದಿತ್ತು. ಅಮ್ಮ ತಾವೇ ಇಳಿದು, ಬಾನೆಟ್ಟಿನ ಮುಂದೆ ನಿಂತು, ಅದರ ಎತ್ತರವನ್ನು ಟೇಪಿನಲ್ಲಿ ಅಳೆಯುತ್ತಿದ್ದರು. ಹಿಂದಿನ ಸೀಟು ಅವರ ಮಗಳ ವಿಷಯವನ್ನು ಹಿಂದಿನ ರಾತ್ರಿಯೇ ಅವರಿಗೆ ಓದಿ ಹೇಳಿದ್ದೆ.